ಕೂ ನಿಲ್ಲಿಸಿದ ವರ್ಷ

ಕಾಫಿ ಹಣ್ಣಾದ ಮೇಲೆ ಮಳೆ ಬಿದ್ದರೆ ಮರುದಿನ ತೋಟದ ತುಂಬ ಒಂದು ವಾಸನೆ ಏಳುತ್ತದೆ. ಹಣ್ಣು ಬಿರಿದು, ಉದುರಿ, ತರಗೆಲೆಯ ಮೇಲೆ ಹುಳಿಯಾಗುವ ವಾಸನೆ. ಕೆಟ್ಟ ಬೆಲ್ಲದ ಹಾಗೆ ಇರುತ್ತದೆ. ಈ ವರ್ಷ ಸಂಕ್ರಾಂತಿಯಾದ ಮರುವಾರ ಅಂಥ ಮಳೆ ಬಂತು. ಮಾರನೆಯ ಬೆಳಿಗ್ಗೆ ತೋಟದ ಗೇಟು ದಾಟಿದವನು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹೆಂಗಸರು, "ಎಂತ ಮೇಸ್ತ್ರಿ, ಆನೆ ಇದ್ಯಾ?" ಎಂದು ಕೇಳಿದರು. ಇಲ್ಲ, ನಡೀರಿ ಎಂದೆ.

ಮೂರು ವರ್ಷದ ಹಿಂದೆ, ಇದೇ ವಾಸನೆಯಿದ್ದ ಒಂದು ಬೆಳಿಗ್ಗೆ ನನ್ನ ತಂಗಿ ಯಶೋದಳ ಕಾಲು ಮುರಿಯಿತು. ಅದಕ್ಕೆ ಕಾರಣ ನಾನು. ಕಾರಣ ಬೇರೆ ಎಂದು ಎಲ್ಲರ ಮುಂದೆ ಹೇಳಿದವನೂ ನಾನೇ. ಆ ಕೊಯ್ಲಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಹಾಜರಿ ಪುಸ್ತಕ ಬಿಟ್ಟರೆ ಹೆಚ್ಚು ಬರೆದವನಲ್ಲ.

ನಮ್ಮ ತೋಟ ಇರುವುದು ಆಲ್ದೂರಿನಿಂದ ಒಳಗೆ, ಹಳ್ಳ ದಾಟಿದ ಮೇಲೆ. ಮುಕ್ಕಾಲು ಪಾಲು ರೊಬಸ್ಟಾ. ಗಿಡಗಳು ಆಳಿಗಿಂತ ಎತ್ತರ, ಕೊಂಬೆಗೆ ಕೊಂಬೆ ಹೆಣೆದುಕೊಂಡಿವೆ. ಪಕ್ಕದ ಸಾಲಿನಲ್ಲಿ ಕೊಯ್ಯುವವರು ಕಾಣುವುದಿಲ್ಲ. ಮಂಜು ಇದ್ದರೆ ತನ್ನ ಗಿಡವೇ ಪೂರ್ತಿ ಕಾಣದು. ಆನೆಗಳು ಈ ಕಡೆಗೆ ಬರಲು ಶುರುವಾದ ಮೇಲೆ ಹೆಂಗಸರು ತಾವಾಗಿಯೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೇಲಿನ ಸಾಲಿನವಳು 'ಕೂ' ಹಾಕಬೇಕು. ಎರಡನೆಯವಳು ಉತ್ತರ ಕೊಟ್ಟು ತಾನೂ ಕೂ ಹಾಕಬೇಕು, ಆಮೇಲೆ ಮೂರನೆಯವಳು. ಹೀಗೆ ಹಳ್ಳದ ಬದಿಯ ಕೊನೆ ಸಾಲಿನವರೆಗೆ ಹೋಗಬೇಕು. ನಡುವೆ ಯಾರಾದರೂ ಉತ್ತರ ಕೊಡದಿದ್ದರೆ ಎಲ್ಲರೂ ಕೈ ನಿಲ್ಲಿಸಿ ಕಾಯಬೇಕು. ಅವಳ ದನಿ ಬರುವವರೆಗೆ ಯಾರೂ ಒಂದು ಹಣ್ಣು ಕೂಡ ಕೀಳುವ ಹಾಗಿಲ್ಲ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸುಮನಾ ಎನ್ನುವವರು ಬಂದರು. ತೋಟದ ಹೆಂಗಸರ ಕೈಯಲ್ಲಿ ಅವರದೇ ಹಾಡು ಕಟ್ಟಿಸಿ, ಮೂಡಿಗೆರೆಯ ಸಭಾಭವನದಲ್ಲಿ ಅವರಿಂದಲೇ ಹಾಡಿಸಬೇಕು ಎನ್ನುವುದು ಅವರ ಕೆಲಸ. ನಮ್ಮ ಸಾಹುಕಾರರು ಭಾನುವಾರದ ಮಟ್ಟಿಗೆ ಹಳೆ ಗೋಡೌನನ್ನು ಬಿಟ್ಟುಕೊಟ್ಟರು. ಸುಮನಾ ಒಂದು ಶ್ರುತಿಪೆಟ್ಟಿಗೆ ಮತ್ತು ಒಂದು ಚಾಪೆ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿಳಿದರು. ಆಕೆಗೆ ಮೂವತ್ತೈದು ದಾಟಿರಲಿಲ್ಲ. ಹೆಂಗಸರು ಮೊದಲ ದಿನವೇ ಹೇಳಿಬಿಟ್ಟರು, "ನಮಗೆ ಹಣ್ಣು ಕೊಯ್ಯೋಕೆ ಬರುತ್ತೆ ಮೇಡಂ, ಹಾಡು ಕಟ್ಟೋಕೆಲ್ಲ ಬರಲ್ಲ."

"ಕೊಯ್ಯುವಾಗ ಬಾಯಿ ಮುಚ್ಕೊಂಡೇ ಇರ್ತೀರಾ?" ಎಂದು ಸುಮನಾ ಕೇಳಿದರು.

"ಬಾಯಿ ಮುಚ್ಚೋದಾ? ಇವ್ರಾ?" ಎಂದು ಬಾಗಿಲಲ್ಲಿ ನಿಂತಿದ್ದ ನಾನು ಹೇಳಿದೆ. ಎಲ್ಲರೂ ನಕ್ಕರು.

ನಾನೂ ಸೇರಬೇಕು ಎಂದು ಆಸೆ ಇತ್ತು. ತೋಟದ ಭಜನೆಯಲ್ಲಿ ಮುಂದೆ ಹೇಳುವವನು ನಾನೇ. ಸುಮನಾ ಕೂರಿಸಿ ಹಾಡಿಸಿದರು. ಕಣ್ಣು ಮುಚ್ಚಿ ಒಂದು ಪೂರ್ತಿ ಭಜನೆ ಹೇಳಿದೆ. ಅವರು ಕೈ ಮುಗಿದು, "ಗಂಟಲು ಚೆನ್ನಾಗಿದೆ ಅಣ್ಣ. ಆದ್ರೆ ಇದು ಬೇರೆಯವ್ರು ಕಟ್ಟಿದ್ದಲ್ವಾ? ನಿಮ್ದು ಏನಾದ್ರೂ ಇದ್ಯಾ?" ಎಂದರು.

ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ. ಹಿಂದಿನಿಂದ ದ್ಯಾವಮ್ಮ, "ಮೇಸ್ತ್ರಿದು ಸೀಟಿ ಇದೆ ಮೇಡಂ, ಅದನ್ನೇ ಊದ್ಲಿ" ಎಂದಳು. ದ್ಯಾವಮ್ಮ ನಮ್ಮ ತಂಡದಲ್ಲೇ ಹಿರಿಯಳು. ಎಡಗಿವಿ ಪೂರ್ತಿ ಮಂದ, ಬಾಯಿ ಮಾತ್ರ ಬಲು ಚುರುಕು. ಗೋಡೌನಿನ ತಗಡು ಅದುರುವ ಹಾಗೆ ಹೆಂಗಸರು ನಕ್ಕರು. ನಾನೂ ನಕ್ಕೆ. ಎದ್ದು ಹೊರಗೆ ಬಂದೆ.

ಹಾಡು ಹುಟ್ಟಿದ್ದು ಎರಡನೇ ಭಾನುವಾರ, ಯಶೋದಳಿಂದ. ಗಂಡ ತೀರಿಕೊಂಡ ಮೇಲೆ ಅವಳು ಮಗಳನ್ನು ಕರೆದುಕೊಂಡು ಬಂದು ನನ್ನ ಪಕ್ಕದಲ್ಲೇ, ತೋಟದವರು ಆಳುಗಳಿಗೆ ಕೊಡುವ ಲೈನ್ ಮನೆಯಲ್ಲಿದ್ದಳು. ಮಾತು ಕಡಿಮೆ. ನಿಮ್ಮ ಕೆಲಸದಲ್ಲಿ ಯಾವ ಸದ್ದು ಇರುತ್ತದೆ ಎಂದು ಸುಮನಾ ಕೇಳಿದಾಗ ಅವಳು ಕೂತಲ್ಲಿಂದಲೇ ಕೂ ಹಾಕಿ ತೋರಿಸಿದಳು. ಅಭ್ಯಾಸಬಲದಿಂದ ಪಕ್ಕದವಳು ಉತ್ತರ ಕೊಟ್ಟಳು. ಅವಳ ಪಕ್ಕದವಳೂ ಕೊಟ್ಟಳು. ಗೋಡೌನಿನ ಒಳಗೆ ಕೂ ಒಂದು ಸುತ್ತು ಹೋಗಿ ಬಂತು. ಸುಮನಾ ಸುಮ್ಮನೆ ಕೂತು ಕೇಳಿದರು. ಆಮೇಲೆ, "ಕೂಗುವಾಗ ಮನಸ್ಸಲ್ಲಿ ಏನು ಕೇಳ್ತೀಯ?" ಎಂದರು.

"ಇದೀಯಾ ಅಂತ," ಎಂದಳು ಯಶೋದ. "ಅಷ್ಟೇ. ಇದೀಯಾ ಅಂತ."

ಅದೇ ಹಾಡಾಯಿತು. ಯಶೋದ ಮೊದಲು ಎತ್ತುವಳು. ಒಬ್ಬೊಬ್ಬಳೂ ತನ್ನ ಸಾಲನ್ನು ತಾನೇ ಕಟ್ಟಿದಳು.

ಮೇಲಿನ ಸಾಲಿನ ಅಕ್ಕಾ, ಇದೀಯಾ?
ಇದೀನಿ, ಮಂಜಿನ ಒಳಗೆ ಇದೀನಿ.
ಕೆಳಗಿನ ಸಾಲಿನ ತಂಗೀ, ಇದೀಯಾ?
ಇದೀನಿ, ಚಿಗಳಿ ಇರುವೆ ಕಚ್ಚುತ್ತೆ, ಇದೀನಿ.

ದ್ಯಾವಮ್ಮನ ಸಾಲು ಕೊನೆಯದು. "ಕೇಳ್ಸೋದಿಲ್ಲ ಮಾರಾಯ್ತಿ, ಆದ್ರೂ ಇದೀನಿ." ಅದನ್ನು ಹೇಳಿದಾಗಲೆಲ್ಲ ನಗು ಏಳುತ್ತಿತ್ತು.

ಒಂದು ತಿಂಗಳಲ್ಲಿ ಹಾಡು ಗೋಡೌನಿನಿಂದ ತೋಟಕ್ಕೆ ಬಂತು. ಬರೀ ಕೂ ಇದ್ದಲ್ಲಿ ಈಗ ಈ ಸಾಲುಗಳು. ಕಾಲು ಗಂಟೆಗೊಮ್ಮೆ ಮೇಲಿನಿಂದ ಹಳ್ಳದವರೆಗೆ ಹಾಡು ಇಳಿದುಹೋಗುತ್ತಿತ್ತು. ಕೆಲಸ ನಿಧಾನವಾಗಲಿಲ್ಲ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಆಗ ಹೇಳಲಿಲ್ಲ. ಒಂದು ದಿನ ಕೆಳಗಿನ ಬ್ಲಾಕಿಗೆ ಹೋಗಿ ಎಂದು ಸೀಟಿ ಊದಿದೆ. ಯಾರೂ ಅಲುಗಲಿಲ್ಲ. "ಸುತ್ತು ಮುಗೀಲಿ ಮೇಸ್ತ್ರಿ," ಎಂದು ಗಿಡದ ಒಳಗಿನಿಂದ ಯಾರೋ ಹೇಳಿದರು. ಹಾಡು ಕೊನೆ ಸಾಲು ಮುಟ್ಟಿತು. ಯಶೋದ "ನಡೀರೇ" ಎಂದಳು. ಹದಿನೈದು ಹೆಂಗಸರು ಚೀಲ ಎತ್ತಿಕೊಂಡು ಹೊರಟರು.

ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡು ರೈಟರ್ ಶಿವಪ್ಪ ಇದನ್ನು ನೋಡುತ್ತಿದ್ದ. ತೋಟದ ಲೆಕ್ಕಪತ್ರ, ಆಳುಕಾಳು ಎಲ್ಲ ಅವನ ಕೈಯಲ್ಲಿ. "ಏನ್ ಮಾರಾಯ, ಇಲ್ಲಿ ಮೇಸ್ತ್ರಿ ಯಾರು? ನೀನಾ, ನಿನ್ ತಂಗಿನಾ?" ಎಂದು ಕೇಳಿ ಬೈಕ್ ಹತ್ತಿ ಹೋದ. ಹಾಸ್ಯಕ್ಕೆ ಹೇಳಿದ್ದು. ಅವತ್ತು ಊಟ ಸೇರಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಮೋಡ ಕಟ್ಟಿತು. ಹಣ್ಣು ತುಂಬಿ ನಿಂತಿತ್ತು. ಮಳೆ ಹೊಡೆದರೆ ಅರ್ಧ ನೆಲದ ಪಾಲು. ಸಾಹುಕಾರರು ದಿನಕ್ಕೆ ಎರಡು ಸಲ ಜೀಪಿನಲ್ಲಿ ಬಂದು ಆಕಾಶ ನೋಡಿ ಹೋಗುತ್ತಿದ್ದರು. ಒಂದು ಸಂಜೆ ಮಳೆ ಬಂದೇ ಬಂತು. ಉಳಿದ ಹಣ್ಣನ್ನಾದರೂ ಎರಡು ದಿನದಲ್ಲಿ ಇಳಿಸಬೇಕು ಎಂದು ಅಪ್ಪಣೆಯಾಯಿತು. ಬೆಳಿಗ್ಗೆ ಹಾಜರಿ ಹೊತ್ತಿಗೆ ಶಿವಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಎರಡು ದಿನ ಆ ಹಾಡು ಗೀಡು ನಿಲ್ಸೋಕೆ ಹೇಳು," ಎಂದ.

ಅವನು ಹೇಳಿದ್ದು ಇಷ್ಟೇ. ಹಾಡು ಬೇಡ ಎಂದು. ಕೂ ಬೇಡ ಎಂದು ಅವನು ಹೇಳಲಿಲ್ಲ. ಅದನ್ನು ಸೇರಿಸಿದವನು ನಾನು.

ಹೆಂಗಸರ ಮುಂದೆ ನಿಂತು, "ಇವತ್ತು ಹಾಡೂ ಇಲ್ಲ, ಕೂನೂ ಇಲ್ಲ. ಬಾಯಿ ಮುಚ್ಕೊಂಡು ಕೈ ಆಡ್ಸಿ. ನನ್ನ ಸೀಟಿ ಒಂದೇ ಕೇಳ್ಬೇಕು," ಎಂದೆ. ಯಶೋದ ಮುಂದೆ ಬಂದಳು. "ಅಣ್ಣ, ಹಾಡು ಬೇಡ ಸರಿ. ಮಂಜು ಹಿಂಗಿದೆ. ಕೂ ಇಲ್ದೆ ಹೆಂಗೆ?"

"ನಿನ್ನ ಕೇಳಿ ತೋಟ ನಡ್ಸೋ ಕಾಲ ಇನ್ನೂ ಬಂದಿಲ್ಲ," ಎಂದೆ. ಎಲ್ಲರ ಮುಂದೆ, ಗಟ್ಟಿಯಾಗಿ.

ಅವಳು ನನ್ನ ಮುಖ ನೋಡಿದಳು. ಚೀಲ ಸೊಂಟಕ್ಕೆ ಬಿಗಿದುಕೊಂಡು ತನ್ನ ಸಾಲಿಗೆ ಹೋದಳು. ಆಗ ನನ್ನ ಅಂಗಿ ಜೇಬಿನಲ್ಲಿದ್ದ ಫೋನಿಗೆ ಬೆಳಗಿನ ಜಾವವೇ ಫಾರೆಸ್ಟಿನವರ ಒಂದು ಮೆಸೇಜು ಬಂದಿತ್ತು. ಎರಡು ಆನೆ ಹಳ್ಳದ ಆಚೆ ಪಕ್ಕದ ತೋಟದಲ್ಲಿವೆ, ಎಚ್ಚರ ಎಂದು. ಅದನ್ನು ಓದಿದ್ದೆ. ಹಳ್ಳದ ಆಚೆ ತಾನೇ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಕೂ ಬೇಕು ಎನ್ನುತ್ತಿದ್ದರು.

ಅವತ್ತಿನ ಮೌನ ಈಗಲೂ ನನ್ನ ಕಿವಿಯಲ್ಲಿದೆ. ಎಲೆಯಿಂದ ಹನಿ ತೊಟ್ಟಿಕ್ಕುವುದು, ಹಣ್ಣು ಟಾರ್ಪಾಲಿನ ಮೇಲೆ ಬೀಳುವುದು, ಅಷ್ಟೇ. ಹದಿನೈದು ಜನ ಇದ್ದಾರೆ ಎಂದು ಯಾರೂ ನಂಬುವ ಹಾಗಿರಲಿಲ್ಲ. ಮೇಲಿನ ರಸ್ತೆಯಲ್ಲಿ ನಿಂತಿದ್ದೆ. ಮೊದಮೊದಲು ಹಿತವಾಯಿತು. ಆಮೇಲೆ ಒಂದು ಸಲ ಸೀಟಿ ಊದೋಣ ಅನ್ನಿಸಿತು. ಏನೆಂದು ಊದುವುದು? ಎಲ್ಲರೂ ಇದ್ದೀರಾ ಎಂದು ಸೀಟಿಯಲ್ಲಿ ಕೇಳಲು ಆಗುವುದಿಲ್ಲ. ಸೀಟಿ ಜೇಬಿಗೆ ಹಾಕಿಕೊಂಡೆ.

ಹತ್ತು ಗಂಟೆ ಆಗಿರಬೇಕು. ಹಳ್ಳದ ಕಡೆಯಿಂದ ಬೈನೆ ಮರ ಸೀಳುವ ಸದ್ದು ಕೇಳಿತು. ಅದರ ಹಿಂದೆಯೇ ಯಶೋದಳ ಕಿರುಚು.

ಏನಾಯಿತು ಎಂದು ಆಮೇಲೆ ದ್ಯಾವಮ್ಮ ಹೇಳಿದಳು, ತಾನು ಕಂಡದ್ದು, ಯಶೋದಳಿಂದ ಕೇಳಿದ್ದು ಎರಡೂ ಸೇರಿಸಿ. ಯಶೋದ ಕೊನೆಯಿಂದ ಮೂರನೆಯ ಸಾಲಿನಲ್ಲಿದ್ದಳು. ದ್ಯಾವಮ್ಮ ಹಳ್ಳದ ಬದಿಯ ಸಾಲಿನಲ್ಲಿ, ಕೇಳದ ಕಿವಿಯನ್ನು ಹಳ್ಳಕ್ಕೆ ಕೊಟ್ಟುಕೊಂಡು ಕೊಯ್ಯುತ್ತಿದ್ದಳು. ಆನೆಯ ವಾಸನೆ ಮೊದಲು ಹತ್ತಿದ್ದು ಯಶೋದಳಿಗೆ. ಕೂಗಲು ಬಾಯಿ ತೆರೆದಳಂತೆ. ತೆರೆದು ಮುಚ್ಚಿದಳಂತೆ. ಕೂಗದೆ ಸಾಲಿನಿಂದ ಸಾಲಿಗೆ ಬಗ್ಗಿ ನುಗ್ಗಿ ಹೋಗಿ ದ್ಯಾವಮ್ಮನ ರಟ್ಟೆ ಹಿಡಿದು ಎಳೆದಳು. ವಾಪಸು ಓಡುವಾಗ ತೊಟ್ಟಿಲು ಗುಂಡಿಗೆ ಕಾಲು ಹೋಯಿತು. ಮಳೆ ನೀರು ಇಂಗಲೆಂದು ಗಿಡಗಳ ನಡುವೆ ನಾವೇ ತೋಡಿಸುವ ಗುಂಡಿ ಅದು. ತರಗೆಲೆ ತುಂಬಿ ನೆಲದಂತೆಯೇ ಕಾಣುತ್ತದೆ. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಆನೆ ಇಪ್ಪತ್ತು ಮಾರು ದೂರದಲ್ಲಿ ಬೈನೆ ಮರ ತಿನ್ನುತ್ತ ನಿಂತಿತ್ತು. ಅವಳ ಕಿರುಚು ಕೇಳಿ ಹಳ್ಳ ದಾಟಿ ಹೋಯಿತು.

ಹಣ್ಣು ಹಾಸುವ ಟಾರ್ಪಾಲಿನಲ್ಲೇ ಅವಳನ್ನು ಎತ್ತಿ ತಂದೆವು. ಸಾಹುಕಾರರ ಜೀಪು ಬಂತು. ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಸಾಹುಕಾರರು ಕೆಟ್ಟವರಲ್ಲ, ಮುಖ ಬಿಳಿಚಿಕೊಂಡಿತ್ತು. "ಯಾರೂ ಕೂ ಹಾಕ್ಲಿಲ್ವೇನೋ? ಇಷ್ಟು ಹತ್ತಿರ ಬರೋವರೆಗೆ ಎಂತ ಮಾಡ್ತಿದ್ರಿ?" ಎಂದು ನನ್ನನ್ನು ಕೇಳಿದರು.

ಕೈ ಕಟ್ಟಿಕೊಂಡು ನಿಂತೆ. "ಹಾಡ್ತಾ ಇದ್ರು ಸಾವ್ಕಾರ್ರೆ. ಹಾಡಿನ ಗ್ಯಾನದಲ್ಲಿ ಗೊತ್ತಾಗ್ಲಿಲ್ಲ," ಎಂದೆ.

ನಾಲಿಗೆ ಒಂದಿಷ್ಟೂ ತೊಡರಲಿಲ್ಲ. ಅಷ್ಟು ಸಲೀಸಾಗಿ ಬಂತು. ಹಿಂದೆ ಹದಿನಾಲ್ಕು ಹೆಂಗಸರು ನಿಂತಿದ್ದರು. ಒಬ್ಬರೂ ಮಾತಾಡಲಿಲ್ಲ. ಅವರ ಹಾಜರಿ ಬರೆಯುವವನು ನಾನು. ಜೀಪಿನ ಒಳಗಿನಿಂದ ಯಶೋದ ನನ್ನನ್ನು ನೋಡಿದಳು. ನರಳುತ್ತಿದ್ದವಳು ಆ ಹೊತ್ತು ನರಳುವುದನ್ನು ನಿಲ್ಲಿಸಿದಳು.

ಅವತ್ತು ಸಂಜೆಯೇ ಗೋಡೌನಿಗೆ ಬೀಗ ಬಿತ್ತು. ಇನ್ನು ಮೇಲೆ ಹಾಡು ಕೂಡದು, ಕೂ ಮಾತ್ರ ತಪ್ಪದೆ ಹಾಕಬೇಕು ಎಂದು ಸಾಹುಕಾರರು ಹೇಳಿ ಕಳಿಸಿದರು. ನಾನು ಕಿತ್ತದ್ದನ್ನು ಅವರು ಮರಳಿ ಕೊಟ್ಟರು, ನಾನು ದೂರಿದ್ದನ್ನು ಕಿತ್ತುಕೊಂಡರು.

ಚಿಕ್ಕಮಗಳೂರಿನ ಆಸ್ಪತ್ರೆಗೆ ಸುಮನಾ ಬಂದರು. ಯಶೋದಳ ಮಂಚದ ಪಕ್ಕ ಕೂತು, "ನನ್ನಿಂದ ಆಯ್ತು. ತೋಟದಲ್ಲಿ ಹಾಡ್ಬೇಡಿ ಅಂತ ನಾನು ಹೇಳ್ಬೇಕಿತ್ತು," ಎಂದು ಅತ್ತರು. ಯಶೋದ ಅವರ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾಯುವ ನೋಟ. ನಾನು ಎಳನೀರು ತರುತ್ತೇನೆ ಎಂದು ಹೊರಗೆ ಹೋದೆ. ತಂದು ಬರುವಷ್ಟರಲ್ಲಿ ಸುಮನಾ ಹೊರಟುಹೋಗಿದ್ದರು. ಯಶೋದ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮೂಡಿಗೆರೆಯ ಕಾರ್ಯಕ್ರಮ ಮೊದಲೇ ಗೊತ್ತಾಗಿದ್ದರಿಂದ ನಿಲ್ಲಲಿಲ್ಲ. ಹೆಂಗಸರು ರಜೆ ಹಾಕಿ ಹೋದರು. ನಾನೂ ಹೋದೆ, ಗೋಡೆಗೆ ಒರಗಿ ನಿಂತೆ. ಯಶೋದಳ ಬದಲು ಬೇರೊಬ್ಬಳು ಎತ್ತಿದಳು. ಸಾಲಿನಿಂದ ಸಾಲಿಗೆ ಹಾಡು ಇಳಿಯುತ್ತ ಬಂತು. ಯಶೋದಳದೇ ಒಂದು ಸಾಲು ನಡುವೆ ಇತ್ತು. ಅದನ್ನು ಹಾರಿಸಿ ಮುಂದಕ್ಕೆ ಹೋಗಿ ಎಂದು ಸುಮನಾ ಕಲಿಸಿದ್ದರು. "ಇದೀಯಾ?" ಎಂದು ಒಬ್ಬಳು ಕೇಳಿದಳು. ಮುಂದಿನವಳು ಹಾರಿಸಲಿಲ್ಲ. ನಿಂತಳು. ಎಲ್ಲರೂ ನಿಂತರು. ತೋಟದಲ್ಲಿ ನಿಲ್ಲುವ ಹಾಗೆಯೇ, ಕೈ ಇಳಿಬಿಟ್ಟುಕೊಂಡು, ಉತ್ತರಕ್ಕೆ ಕಾಯುತ್ತ. ಸಭೆಯಲ್ಲಿ ಗುಸುಗುಸು ಎದ್ದು ಅದೂ ಅಡಗಿತು. ದ್ಯಾವಮ್ಮ ವೇದಿಕೆಯ ಮೇಲಿನಿಂದ ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ನಾನು ತಲೆ ತಗ್ಗಿಸಿದೆ. ಕೊನೆಗೆ ಸುಮನಾ ಮೈಕಿಗೆ ಬಂದು, "ನಮ್ಮ ಒಬ್ಬ ಗೆಳತಿ ಆಸ್ಪತ್ರೆಯಲ್ಲಿದ್ದಾಳೆ" ಎಂದರು. ಜನ ಚಪ್ಪಾಳೆ ಹೊಡೆದರು. ಹಾಡು ಪೂರ್ತಿಯಾಗಲಿಲ್ಲ.

ಆಮೇಲೆ ಮೂರು ವರ್ಷ. ಯಶೋದಳ ಎಡಗಾಲು ಸ್ವಲ್ಪ ಗಿಡ್ಡವಾಯಿತು. ಈಗ ನರ್ಸರಿ ಶೆಡ್ಡಿನಲ್ಲಿ ಕೂತು ಸಸಿ ಚೀಲಕ್ಕೆ ಮಣ್ಣು ತುಂಬುತ್ತಾಳೆ. ಹಬ್ಬಕ್ಕೆ ನಮಗೆ ಬಡಿಸುತ್ತಾಳೆ, ನನ್ನ ಹೆಂಡತಿಯ ಜೊತೆ ನಗುತ್ತಾಳೆ, ನನಗೆ ಜ್ವರ ಬಂದರೆ ಗಂಜಿ ತರುತ್ತಾಳೆ. ಆ ಬೆಳಗಿನ ಬಗ್ಗೆ ನನ್ನ ಹತ್ತಿರ ಒಂದು ಮಾತು ಆಡಲಿಲ್ಲ. ಹಾಡಲೂ ಇಲ್ಲ. ಬೈದಿದ್ದರೆ ನಾನು ಏನಾದರೂ ನೆಪ ಹೇಳಿ ಹಗುರವಾಗುತ್ತಿದ್ದೆನೋ ಏನೋ.

ಈ ವರ್ಷ ಸುಮನಾ ಮತ್ತೆ ಬಂದಿದ್ದಾರೆ. ತೋಟದೊಳಗೆ ಬಿಡುವುದಿಲ್ಲವಾದ್ದರಿಂದ ಆಲ್ದೂರಿನಲ್ಲಿ ಒಂದು ಕೋಣೆ ಹಿಡಿದಿದ್ದಾರೆ. ಹೆಂಗಸರು ಭಾನುವಾರ ಬಸ್ಸು ಹತ್ತಿ ಹೋಗುತ್ತಾರೆ. ಯಶೋದಳೂ ಹೋಗುತ್ತಾಳೆಂದು ಕೇಳಿದೆ, ಬಾಯಿ ಮಾತ್ರ ತೆರೆಯುವುದಿಲ್ಲವಂತೆ. ಈ ಸಲದ ಆ ಮಳೆ ಬಂದು, ಗೇಟಿನಲ್ಲಿ ಆ ವಾಸನೆ ಮೂಗಿಗೆ ಬಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಆ ವಾರದ ಭಾನುವಾರ ನಾನೂ ಬಸ್ಸು ಹತ್ತಿದೆ.

ಕೋಣೆಯ ಬಾಗಿಲಲ್ಲಿ ನಿಂತೇ ಹೇಳಿದೆ. ಅವರು ಅವತ್ತು ಹಾಡುತ್ತಿರಲಿಲ್ಲ, ಕೂ ನಿಲ್ಲಿಸಿದ್ದು ನಾನು, ಆನೆಯ ಮೆಸೇಜು ಜೇಬಿನಲ್ಲಿತ್ತು, ಸಾಹುಕಾರರಿಗೆ ಸುಳ್ಳು ಹೇಳಿದೆ, ಎಲ್ಲ. ಹೇಳಿ ಮುಗಿಸಿದಾಗ ದ್ಯಾವಮ್ಮ, "ಇದು ನಮಗೆ ಗೊತ್ತಿರೋದೇ ಅಲ್ವಾ ಮೇಸ್ತ್ರಿ. ಗೊತ್ತಿಲ್ದೆ ಇದ್ದಿದ್ದು ಮೇಡಂಗೊಬ್ರಿಗೆ," ಎಂದಳು.

ಸುಮನಾ ಶ್ರುತಿಪೆಟ್ಟಿಗೆ ನಿಲ್ಲಿಸಿದ್ದರು. "ಎರಡು ವರ್ಷ ನಾನು ಯಾವ ಊರಿಗೂ ಹೋಗ್ಲಿಲ್ಲ ಅಣ್ಣ. ಹಾಡಿಸೋಕೆ ಹೆದರಿಕೆ ಆಗ್ತಿತ್ತು," ಎಂದರು.

ಯಶೋದ ಗೋಡೆ ಹಿಡಿದು ಎದ್ದು ನಿಂತಳು. "ಸುಳ್ಳು ಹೇಳಿದ್ದು ಯಾರ ಮುಂದೆ? ನಮ್ಮ ಮುಂದೆ ಅಲ್ವಲ್ಲ. ಅಲ್ಲಿ ಹೋಗಿ ಹೇಳು."

ಮರುದಿನ ಬಂಗಲೆಗೆ ಹೋದೆ. ಸಾಹುಕಾರರು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಕೆಲಸ ಹೋಗುತ್ತದೆ, ಲೈನ್ ಮನೆ ಹೋಗುತ್ತದೆ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವರು, "ಮುಗ್ದ ಕತೆ ಅದು. ಈಗ ಯಾಕೆ ಕೆದಕ್ತೀಯ? ಹೋಗು, ಕೊಯ್ಲು ನೋಡು," ಎಂದರು. ಮೆಟ್ಟಿಲಿಳಿಯುವಾಗ ಮತ್ತೆ ಕರೆದರು. "ಊರೆಲ್ಲ ಸಾರ್ಕೊಂಡು ತಿರುಗ್ಬೇಡ. ತೋಟದ ಹೆಸರಿದೆ ಇದ್ರಲ್ಲಿ. ಹಂಗೇನಾದ್ರೂ ಆದ್ರೆ ನಾನು ಸುಮ್ನಿರಲ್ಲ, ಗೊತ್ತಾಯ್ತಾ?"

ನರ್ಸರಿಗೆ ಹೋಗಿ ಯಶೋದಳಿಗೆ ಅಷ್ಟನ್ನೂ ಹೇಳಿದೆ. ಮುಗಿದ ಕತೆ ಎಂದರು ಎಂದೆ.

"ಅವ್ರಿಗೆ ಮುಗ್ದಿರ್ಬಹುದು," ಎಂದಳು. ಮಣ್ಣು ತುಂಬುವುದನ್ನು ನಿಲ್ಲಿಸಲಿಲ್ಲ. ಐದಾರು ಚೀಲ ತುಂಬಿದ ಮೇಲೆ, "ನಾನೊಂದು ಹೊಸ ಹಾಡು ಕಟ್ತಾ ಇದೀನಿ. ಆ ದಿನದ್ದೇ. ಈ ಸಲಾನೂ ಮೂಡಿಗೆರೇಲಿ ಹಾಡೋದು. ಅದ್ರಲ್ಲಿ ನಿಂದೂ ಒಂದು ಸಾಲಿದೆ. ಬಂದು ಹೇಳ್ತೀಯಾ?" ಎಂದಳು.

"ಯಾವ ಸಾಲು?"

"ನೀನೇ ಕಟ್ಟಿದ್ದು. ಜೀಪಿನ ಹತ್ರ."

ಸಾಹುಕಾರರ ಮಾತು ಇನ್ನೂ ಕಿವಿಯಲ್ಲೇ ಇತ್ತು. ಮೂಡಿಗೆರೆಯಲ್ಲಿ ಹೇಳಿದರೆ ಸಂಜೆಯೊಳಗೆ ಬಂಗಲೆ ಮುಟ್ಟುತ್ತದೆ. ನನ್ನ ಹೆಂಡತಿ, ಮಕ್ಕಳು ಇರುವುದು ಆ ಲೈನ್ ಮನೆಯಲ್ಲಿ. ಇದೆಲ್ಲ ಯಶೋದಳಿಗೂ ಗೊತ್ತು, ಅವಳು ಇರುವುದೂ ಅದೇ ಮನೆಸಾಲಿನಲ್ಲಿ. ಬರುತ್ತೇನೆ ಎಂದೆ.

ನಿನ್ನೆ ಭಾನುವಾರ ಮೊದಲ ಅಭ್ಯಾಸ. ಹೆಂಗಸರು ಸುತ್ತ ಕೂತಿದ್ದರು. ಯಶೋದ ನನ್ನನ್ನು ನಡುವೆ ನಿಲ್ಲಿಸಿದಳು. ಮೂರು ವರ್ಷದ ಮೇಲೆ ಅವಳ ದನಿ ಎದ್ದಿತು. ಸ್ವಲ್ಪ ಒಡೆದಿತ್ತು, ಆದರೂ ಅವಳದೇ. ಮಳೆ, ಮಂಜು, ಹಳ್ಳ, ಬೈನೆ ಮರ ಎಲ್ಲ ಬಂದು ನನ್ನ ಜಾಗಕ್ಕೆ ಬಂತು. ಯಾವ ರಾಗದಲ್ಲಿ ಹೇಳಲಿ ಎಂದು ಕೇಳಿದೆ.

"ರಾಗ ಬೇಡ. ಅವತ್ತು ಹೆಂಗೆ ಹೇಳಿದ್ಯೋ ಹಂಗೇ. ಕೈ ಕಟ್ಕೊಂಡು."

ಕೈ ಕಟ್ಟಿಕೊಂಡೆ. "ಹಾಡ್ತಾ ಇದ್ರು ಸಾವ್ಕಾರ್ರೆ. ಹಾಡಿನ ಗ್ಯಾನದಲ್ಲಿ ಗೊತ್ತಾಗ್ಲಿಲ್ಲ," ಎಂದೆ. ಅವತ್ತು ಸಲೀಸಾಗಿ ಬಂದ ಮಾತು ನಿನ್ನೆ ಅರ್ಧದಲ್ಲೇ ಕಟ್ಟಿತು.

"ಕೇಳ್ಸಲಿಲ್ಲ," ಎಂದಳು ನನ್ನ ತಂಗಿ. "ಇನ್ನೊಂದ್ಸಲ ಹೇಳು."

ಹೇಳಿದೆ.